ಕಾಳುಮೆಣಸಿನ ರಾಣಿಗೆ ಸ್ವಭಾವ ಕೊಟ್ಟದ್ದು ಹೀಗೆ

ಶಿರಸಿಯಲ್ಲಿ ಕೂತು ಕಾಳುಮೆಣಸಿನ ರಾಣಿ ಅಂತ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಮೇಲೆ ಒಂದು ಸಣ್ಣ ಸ್ಟ್ರಾಟಜಿ ಗೇಮ್ ಮಾಡುತ್ತಿದ್ದೇನೆ. ದುಡ್ಡಿಗಲ್ಲ, ಸುಮ್ನೆ ಹುಚ್ಚು. ಮಳೆಗಾಲದಲ್ಲಿ ತೋಟದ ಕೆಲಸ ಕಮ್ಮಿ, ಕರೆಂಟ್ ಇದ್ದಷ್ಟು ಹೊತ್ತು ಕೋಡ್ ಬರೆಯೋದು. ಮ್ಯಾಪು, ಹಡಗು, ಮೆಣಸಿನ ಲೆಕ್ಕ ಎಲ್ಲ ಬೇಗ ಮುಗಿಯಿತು. ತಲೆ ತಿಂದದ್ದು ರಾಣಿಯ ಸ್ವಭಾವ. ಆಕೆ ಆಳಿದ್ದು 1552ರಿಂದ 1606ರವರೆಗೆ. ಅಷ್ಟು ವರ್ಷ ಪೋರ್ಚುಗೀಸರ ಜೊತೆ, ಕೆಳದಿಯವರ ಜೊತೆ ಏಗಿದ ಹೆಂಗಸು ಪಟ್ಟಕ್ಕೆ ಬಂದ ದಿನ ಇದ್ದ ಹಾಗೇ ಕೊನೆಯವರೆಗೂ ಇರುತ್ತಾಳಾ? ಇರೋದಿಲ್ಲ ಅಲ್ವಾ. ಹಾಗಾಗಿ ಗುಣಗಳನ್ನು ಮೊದಲೇ ಅಂಟಿಸಿ ಬಿಡಬಾರದು, ಆಡುತ್ತ ಆಡುತ್ತ ಬರಬೇಕು ಅಂತ ತೀರ್ಮಾನ ಮಾಡಿಕೊಂಡೆ.

ಇದರ ಮೊದಲ ಪಾಠ ಸಿಕ್ಕಿದ್ದು ಮೆಡೀವಲ್ 2 ಟೋಟಲ್ ವಾರ್‌ನಿಂದ. 2006ರ ಗೇಮ್. ಫೈಲುಗಳ ಪ್ಯಾಕ್ ಬಿಚ್ಚಿದರೆ ಸೇನಾಪತಿಗಳ ಗುಣಗಳೆಲ್ಲ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಸಿಗುತ್ತವೆ, ನೋಟ್‌ಪ್ಯಾಡಿನಲ್ಲೇ ಓದಬಹುದು. ಯುದ್ಧ ಮುಗಿದಾಗ, ಸುತ್ತು ಮುಗಿದಾಗ, ಊರು ಹಿಡಿದಾಗ ಗೇಮ್ ಒಂದು ಷರತ್ತು ನೋಡುತ್ತದೆ. ಅದು ಕೂಡಿಬಂದರೆ, ಇಂತಿಷ್ಟು ಶೇಕಡಾ ಅದೃಷ್ಟವೂ ಇದ್ದರೆ, ಆ ಗುಣದ ಖಾತೆಗೆ ಅಂಕ ಬೀಳುತ್ತದೆ. ಅಂಕ ಒಂದು ಮಟ್ಟ ಮುಟ್ಟುವವರೆಗೆ ಹೊರಗೆ ಏನೂ ಕಾಣುವುದಿಲ್ಲ. ಮುಟ್ಟಿದ ಮೇಲೆ ಗುಣದ ಹೆಸರು ಬರುತ್ತದೆ, ಇನ್ನೂ ಏರಿದರೆ ಹೆಸರೂ ಜೋರಾಗುತ್ತದೆ. ವಿರುದ್ಧ ಗುಣ ಇದ್ದರೆ ಅದರ ಖಾತೆಯಿಂದ ಕಳೆಯುತ್ತದೆ. ಸೆರೆಯಾಳುಗಳನ್ನು ಬಿಟ್ಟು ಕಳಿಸುವ ಸೇನಾಪತಿ ಒಂದು ಥರ ಬೆಳೆಯುತ್ತಾನೆ, ಕೊಲ್ಲಿಸುವವನು ಇನ್ನೊಂದು ಥರ. ಇಷ್ಟು ಸರಳ.

ಎರಡನೆಯ ಪಾಠ ಕ್ರುಸೇಡರ್ ಕಿಂಗ್ಸ್ 3ರದ್ದು. 2020ರಲ್ಲಿ ಬಂತು. ಅದರಲ್ಲಿ ಮಗುವಿಗೆ ಮೂರು ವರ್ಷಕ್ಕೇ ಒಂದು ಬಾಲ್ಯದ ಗುಣ ಬರುತ್ತದೆ, ಬೆಳೆಸುವವರ ಪ್ರಭಾವದಲ್ಲಿ ಉಳಿದವು ಸೇರುತ್ತವೆ, ಹದಿನಾರಕ್ಕೆ ವಿದ್ಯೆ ಮುಗಿಯುತ್ತದೆ. ಚೆನ್ನಾಗಿದೆ, ಆದರೆ ನನಗೆ ಅದಕ್ಕಿಂತ ಹಿಡಿಸಿದ್ದು ಒತ್ತಡದ ಲೆಕ್ಕ. ಕರುಣೆ ಇರುವ ರಾಜ ಯಾರನ್ನಾದರೂ ಗಲ್ಲಿಗೇರಿಸಿದರೆ ಅವನ ಒತ್ತಡ ಏರುತ್ತದೆ. ಅದು ಮಿತಿ ಮೀರಿದರೆ ಮನಸ್ಸು ಕುಸಿಯುತ್ತದೆ, ಕುಡಿತದಂಥ ಚಟ ಹಿಡಿಯಬಹುದು. ಗುಣ ಅಂದರೆ ಎರಡು ಪಾಯಿಂಟ್ ಜಾಸ್ತಿ ಸಿಗುವ ಬಹುಮಾನ ಅಂತ ತಿಳಿದವರಿಗೆ ಅಲ್ಲಿ ಬಿಸಿ ಮುಟ್ಟುತ್ತದೆ.

ಮೊದಲನೆಯದರಿಂದ ಖಾತೆ, ಎರಡನೆಯದರಿಂದ ಒತ್ತಡ. ಎರಡನ್ನೂ ತಗೊಂಡೆ. ಅದಕ್ಕೆ ನನ್ನದೊಂದು ನಿಯಮ ಸೇರಿಸಿದೆ: ಕೈಗೆ ಬಿಸಿ ತಾಗದ ಕೆಲಸಕ್ಕೆ ಅಂಕವಿಲ್ಲ.

ಉದಾಹರಣೆಗೆ ಧಾರಾಳತನ. ಉಗ್ರಾಣದಲ್ಲಿ ನಾನೂರು ಖಂಡಿ ಮೆಣಸು ಇಟ್ಟುಕೊಂಡು ಹತ್ತು ಖಂಡಿ ದಾನ ಮಾಡಿದರೆ ರಾಣಿಯ ಖಾತೆಗೆ ಸೊನ್ನೆ. ಮಳೆ ಕೈಕೊಟ್ಟ ವರ್ಷ ಉಳಿದ ನಲವತ್ತರಲ್ಲಿ ಇಪ್ಪತ್ತು ಕೊಟ್ಟರೆ ಪೂರ್ತಿ ಅಂಕ. ಕೋಡಿನಲ್ಲಿ ಇದು ಒಂದೇ ಸಾಲು, ಕೊಟ್ಟದ್ದನ್ನು ಇದ್ದದ್ದರಿಂದ ಭಾಗಿಸುವುದು, ಉತ್ತರ ತೀರಾ ಸಣ್ಣದಾದರೆ ಬಿಟ್ಟುಬಿಡುವುದು. ಧೈರ್ಯಕ್ಕೂ ಇದೇ. ಪೋರ್ಚುಗೀಸರು ತಮ್ಮ ಕರ್ತಾಸ್ ಪತ್ರ, ಅಂದರೆ ಸಮುದ್ರದಲ್ಲಿ ಓಡಾಡಲು ಅವರೇ ಕೊಡುತ್ತಿದ್ದ ಪರವಾನಗಿ, ಇಲ್ಲದ ಹಡಗುಗಳನ್ನು ಹಿಡಿಯುತ್ತಿದ್ದರು. ಹೊನ್ನಾವರದ ಒಬ್ಬ ವ್ಯಾಪಾರಿಯ ಹಡಗು ಹಾಗೆ ಸಿಕ್ಕಿಬಿದ್ದಿದೆ, ರಾಣಿ ಏನು ಮಾಡುತ್ತಾಳೆ ಅಂತ ಗೇಮ್ ಕೇಳುತ್ತದೆ. ಮಿರ್ಜಾನ್ ಕೋಟೆ ಭದ್ರವಾಗಿದ್ದು, ಎದುರಿಗೆ ಒಂದೇ ಹಡಗಿದ್ದಾಗ ಬೆದರಿಸಿದರೆ ಅದೇನು ದೊಡ್ಡ ಧೈರ್ಯ? ಅಂಕ ಇಲ್ಲ. ಸೈನ್ಯವೆಲ್ಲ ಘಟ್ಟದ ಮೇಲಿದ್ದಾಗ ಬೆದರಿಸಿದರೆ ಮಾತ್ರ ಖಾತೆ ತುಂಬುತ್ತದೆ. ಜೊತೆಗೆ ಊರು ಸುಟ್ಟುಹೋಗುವ ಸಾಧ್ಯತೆಯೂ ಇದೆ, ಅದು ಆಟಗಾರನ ಹಣೆಬರಹ.

ಈ ನಿಯಮ ತುಂಬ ಉಪಯೋಗಕ್ಕೆ ಬಂದದ್ದು ನಿಷ್ಠೆಯ ವಿಷಯದಲ್ಲಿ. ಆಟದ ಮೊದಲ ಭಾಗದಲ್ಲಿ ವಿಜಯನಗರಕ್ಕೆ ಕಪ್ಪ ಕಳಿಸಬೇಕು. ಕಳಿಸದಿದ್ದರೆ ದಂಡು ಬರುತ್ತದೆ. ಹಾಗಿದ್ದ ಮೇಲೆ ಆ ಕಪ್ಪ ಹೆದರಿಕೆಯದ್ದು, ನಿಷ್ಠೆಯದ್ದು ಅಂತ ಹೇಗೆ ಹೇಳೋದು? ಅದಕ್ಕೇ ಅಲ್ಲಿ ಅಂಕ ಇಟ್ಟಿಲ್ಲ. 1565ರಲ್ಲಿ ತಾಳಿಕೋಟೆ ಯುದ್ಧ ಆಗುತ್ತದೆ, ರಾಜಧಾನಿ ಹಾಳಾಗುತ್ತದೆ, ಅರಸು ಮನೆತನ ಪೆನುಗೊಂಡೆಗೆ ಹೋಗುತ್ತದೆ. ಈಗ ಕಪ್ಪ ನಿಲ್ಲಿಸಿದರೆ ಕೇಳುವವರೇ ಇಲ್ಲ. ಆಗಲೂ ಪೆನುಗೊಂಡೆಗೆ ಕಳಿಸುತ್ತ ಹೋದರೆ ಖಾತೆ ದಬದಬ ತುಂಬುತ್ತದೆ, ಖಜಾನೆ ಅಷ್ಟೇ ಬೇಗ ಖಾಲಿಯಾಗುತ್ತದೆ. ಒಮ್ಮೆ ನಿಷ್ಠೆ ಬಂದ ಮೇಲೆ ಮಾತು ಮುರಿದರೆ ಒತ್ತಡ. ನಿಷ್ಠೆಯೇ ಇಲ್ಲದ ರಾಣಿಗೆ ಅಂಥ ತೊಂದರೆ ಇಲ್ಲ, ಆದರೆ ಪೋರ್ಚುಗೀಸರ ವಿರುದ್ಧ ಕೂಟ ಕಟ್ಟಲು ಹೊರಟಾಗ ಅಕ್ಕಪಕ್ಕದ ಅರಸರು ಅವಳ ಮಾತನ್ನು ಅರ್ಧ ಬೆಲೆಗೆ ತೂಗುತ್ತಾರೆ.

ಸಿಟ್ಟು, ತಾಳ್ಮೆ, ಜಿಪುಣತನ ಎಲ್ಲ ಇದೇ ಮೂಸೆಯವು, ಬಿಡಿಸಿ ಹೇಳುವಂಥದ್ದೇನಿಲ್ಲ. ಅನುಮಾನದ ಗುಣ ಮಾತ್ರ ಬೇರೆ. ಅದು ರಾಣಿ ಮಾಡಿದ್ದರಿಂದ ಬರುವುದಿಲ್ಲ, ಅವಳಿಗೆ ಬೇರೆಯವರು ಮಾಡಿದ್ದರಿಂದ ಬರುತ್ತದೆ. ಆ ಖಾತೆಯನ್ನು ಆಟಗಾರ ಮುಟ್ಟುವ ಹಾಗಿಲ್ಲ.

ಇದೆಲ್ಲ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಗುಣದ ಹೆಸರುಗಳನ್ನೆಲ್ಲ ಮುಚ್ಚಿ ಕುಮಟೆಯಲ್ಲಿರುವ ಅಳಿಯನಿಗೆ ಆಡಲು ಕೊಡುತ್ತೇನೆ, ಅಕ್ಕನ ಮಗ, ಹಗಲೂ ರಾತ್ರಿ ಗೇಮ್ ಆಡುವ ಪೈಕಿ. ಮುಗಿದ ಮೇಲೆ ಒಂದೇ ಪ್ರಶ್ನೆ, ನಿನ್ನ ರಾಣಿ ಎಂಥವಳು ಅಂತ. "ಮಾವಾ, ಇವಳು ಕೊಟ್ಟ ಮಾತು ತಪ್ಪೋಳಲ್ಲ, ಆದ್ರೆ ಯಾರನ್ನೂ ನಂಬೋದಿಲ್ಲ" ಅಂದ. ಶೀಟ್ ತೆಗೆದು ನೋಡಿದರೆ ನಿಷ್ಠೆ, ಅನುಮಾನ ಎರಡೂ ಮೇಲಿದ್ದವು. ಹೆಸರು ಓದದೆ ಆಡಿದವನ ಬಾಯಲ್ಲಿ ಆ ಗುಣ ಬರದಿದ್ದರೆ ಆ ಗುಣ ಗೇಮಿನಲ್ಲಿ ಇಲ್ಲ ಅಂತಲೇ ನನ್ನ ಲೆಕ್ಕ, ಐಕಾನ್ ಎಷ್ಟು ಚಂದ ಬರೆದಿದ್ದರೂ ಸರಿ.

ಈಗ ಕೂತಿರೋದು ಎದುರಾಳಿಗಳ ಮೇಲೆ. ಕೆಳದಿಯ ವೆಂಕಟಪ್ಪ ನಾಯಕನಿಗೂ ಇದೇ ಖಾತೆಗಳಿವೆ, ಅವನ ಪರವಾಗಿ ಕಂಪ್ಯೂಟರ್ ಆರಿಸುತ್ತದೆ. ತಾಳ್ಮೆಯ ಖಾತೆ ತುಂಬಿದ ನಾಯಕ ರಾಣಿ ಇನ್ನೊಬ್ಬರ ಜೊತೆ ಯುದ್ಧದಲ್ಲಿ ಸಿಕ್ಕಿಬೀಳುವವರೆಗೆ ಕಾಯುತ್ತಾನೆ, ಅವನ ಜೊತೆ ಆಡೋದು ಭಾರಿ ಕಷ್ಟ ಮಾರಾಯ್ರೆ. ಗೋವಾದ ವೈಸರಾಯ್‌ಗಳಿಗೆ ಮಾತ್ರ ಖಾತೆ ಇಟ್ಟಿಲ್ಲ. ಅವರು ಸಾಮಾನ್ಯವಾಗಿ ಮೂರು ವರ್ಷಕ್ಕೆ ಬದಲಾಗುತ್ತಿದ್ದರು, ಅಷ್ಟರಲ್ಲಿ ಯಾವ ಗುಣವೂ ಮಾಗುವುದಿಲ್ಲ. ಹಡಗಿಳಿಯುವಾಗಲೇ ಎರಡು ಗುಣ ಹೊತ್ತುಕೊಂಡು ಬರುತ್ತಾರೆ. ಒಂದನ್ನು ತೋರಿಸುತ್ತೇನೆ, ಇನ್ನೊಂದನ್ನು ಆಟಗಾರ ವ್ಯವಹಾರ ಮಾಡಿಯೇ ತಿಳಿದುಕೊಳ್ಳಬೇಕು.