ಗರ್ಭದ ಮಗುವಿನ ವಾರಗಳನ್ನು ಲೆಕ್ಕ ಹಾಕುವುದು ಹೇಗೆ?

ತಾಯಿ ಕಾರ್ಡಿನಲ್ಲಿ ಬರೆಯುವ ವಾರಗಳ ಸಂಖ್ಯೆಗೂ ಮನೆಯ ಹಿರಿಯರು ಹೇಳುವ ತಿಂಗಳಿಗೂ ತಾಳೆಯಾಗದೆ ಗೊಂದಲಕ್ಕೆ ಬೀಳುವ ಗರ್ಭಿಣಿಯರು ಬಹಳ. ಗೋಡೆಯ ಕ್ಯಾಲೆಂಡರ್ ಮತ್ತು ಒಂದು ಪೆನ್ನು ಇದ್ದರೆ ಈ ಲೆಕ್ಕವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

ಮೊದಲು, ಕೊನೆಯ ಮುಟ್ಟು ಆರಂಭವಾದ ದಿನವನ್ನು ಗುರುತು ಹಾಕಿ, ಅದಕ್ಕೆ 9 ತಿಂಗಳು 7 ದಿನ ಕೂಡಿಸಿ. ಆ ದಿನ ಜೂನ್ 10 ಆಗಿದ್ದರೆ ಹೆರಿಗೆಯ ಅಂದಾಜು ದಿನ ಮಾರ್ಚ್ 17. ಅಂದರೆ 280 ದಿನ, 40 ವಾರ. ಮುಟ್ಟು ಏರುಪೇರಾಗುವವರು ಮೊದಲ ತಿಂಗಳುಗಳ ಸ್ಕ್ಯಾನಿಂಗ್ ತೋರಿಸುವ ದಿನಾಂಕವನ್ನೇ ಹಿಡಿಯುವುದು ಒಳ್ಳೆಯದು.

ಇನ್ನು ಜೂನ್ 10ಕ್ಕೆ 14 ದಿನ ಸೇರಿಸಿ. ಅಂಡವೂ ವೀರ್ಯಾಣುವೂ ಅಂಡನಾಳದಲ್ಲಿ ಕೂಡುವುದು ಸುಮಾರು ಜೂನ್ 24ಕ್ಕೆ. ಆದ್ದರಿಂದ ಕಾರ್ಡಿನಲ್ಲಿ 6 ವಾರ ಎಂದಿದ್ದಾಗ ಮಗುವಿನ ನಿಜವಾದ ವಯಸ್ಸು 4 ವಾರ ಮಾತ್ರ. ಕೂಡಿದ ಕೋಶ ಒಡೆದು ಹಲವಾಗುತ್ತ, ಸುಮಾರು ಒಂದು ವಾರದಲ್ಲಿ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ.

ಮೂರನೆಯದಾಗಿ, ಜೂನ್ 24ರಿಂದ ಆಗಸ್ಟ್ 19ರವರೆಗಿನ 8 ವಾರಗಳಿಗೆ ಕೆಂಪು ಗೆರೆ ಎಳೆಯಿರಿ. ಇಡೀ ಲೆಕ್ಕದಲ್ಲಿ ಅತಿ ಮುಖ್ಯವಾದ ಭಾಗ ಇದೇ. ನಮ್ಮ ತುಳುನಾಡಿನ ಆಟಿ ತಿಂಗಳು ಕಾಲಿಡುವ ಜುಲೈ 16ರ ಹೊತ್ತಿಗೆ ಈ ಮಗುವಿನ ಹೃದಯ ಮಿಡಿಯತೊಡಗಿರುತ್ತದೆ. ಮುಂದಿನ ಒಂದು ವಾರದೊಳಗೆ, ಮಿದುಳು ಮತ್ತು ಬೆನ್ನುಹುರಿಯಾಗಬೇಕಾದ ನರಕೊಳವೆ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ ಆಗ ಎರಡು ವಾರವಷ್ಟೇ ಕಳೆದಿರುವುದರಿಂದ, ತಾನು ಗರ್ಭಿಣಿ ಎಂಬುದು ಎಷ್ಟೋ ಹೆಣ್ಣುಮಕ್ಕಳಿಗೆ ಇನ್ನೂ ಖಚಿತವಾಗಿರುವುದಿಲ್ಲ. ಈ ಕೊಳವೆ ಸರಿಯಾಗಿ ಮುಚ್ಚಲು ನೆರವಾಗುವ ಫೋಲಿಕ್ ಆಮ್ಲದ ಮಾತ್ರೆಯನ್ನು, ದಿನಕ್ಕೆ 400 ಮೈಕ್ರೋಗ್ರಾಂನಂತೆ, ಗರ್ಭ ನಿಲ್ಲುವ ಮೊದಲೇ ಆರಂಭಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಆಟಿ ಅಮಾವಾಸ್ಯೆಯಂದು ಕುಡಿಯುವ ಪಾಲೆ ಕೆತ್ತೆಯ (ಪಾಲೆ ಮರದ ತೊಗಟೆಯ) ಕಷಾಯವಾಗಲಿ ಬೇರಾವ ಮದ್ದಾಗಲಿ, ಈ ವಾರಗಳಲ್ಲಿ ವೈದ್ಯರನ್ನು ಕೇಳದೆ ಕುಡಿಯಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಆಟಿ ಮುಗಿದು ಸೋಣ ಬರುವಾಗ ಮಗುವಿನ ಉದ್ದ ಸುಮಾರು 3 ಸೆಂಟಿಮೀಟರ್; ಆದರೂ ಮುಖ್ಯ ಅಂಗಗಳೆಲ್ಲ ಮೊಳೆತಿರುತ್ತವೆ, ಕೈಕಾಲುಗಳ ಬೆರಳುಗಳು ಬಿಡಿಬಿಡಿಯಾಗಿರುತ್ತವೆ.

ಮುಂದಿನದು ಬಹುಮಟ್ಟಿಗೆ ಬೆಳವಣಿಗೆಯ ಕಾಲ. ತಾಯಿಯ ರಕ್ತವೂ ಮಗುವಿನ ರಕ್ತವೂ ಒಂದರೊಳಗೊಂದು ಬೆರೆಯದೆ, ಮಾಸುವಿನ ತೆಳುಪೊರೆಯ ಮೂಲಕ ಆಮ್ಲಜನಕ ಮತ್ತು ಆಹಾರಾಂಶ ಮಗುವಿಗೆ ದಾಟುತ್ತವೆ. ಅಂಗಾಂಗಗಳನ್ನು ನೋಡುವ ಸ್ಕ್ಯಾನಿಂಗ್‌ಗೆ 18ರಿಂದ 20ನೇ ವಾರ, ಅಂದರೆ ಅಕ್ಟೋಬರ್ ನಡುಭಾಗದಿಂದ ಕೊನೆಯವರೆಗಿನ ದಿನಗಳನ್ನು ಗುರುತಿಸಿಡಿ. ಚೊಚ್ಚಲ ಗರ್ಭಿಣಿಗೆ ಮಗುವಿನ ಮಿಸುಕಾಟ ತಿಳಿಯುವುದೂ ಹೆಚ್ಚಾಗಿ ಇದೇ ದಿನಗಳಲ್ಲಿ. ಏಳನೇ ತಿಂಗಳಲ್ಲಿ ಸೀಮಂತಕ್ಕೆ ಬಂಧುಗಳು ಸೇರುವ ಹೊತ್ತಿಗೆ ಮಗು ಹೊರಗಿನ ಸದ್ದಿಗೆ ಸ್ಪಂದಿಸುತ್ತಿರುತ್ತದೆ, ರೆಪ್ಪೆಗಳೂ ತೆರೆದುಕೊಳ್ಳುವ ಕಾಲ ಅದು. ತೂಕ ಸುಮಾರು ಒಂದು ಕಿಲೋ.

ಕೊನೆಯದಾಗಿ, 28ನೇ ವಾರ ತುಂಬುವ ಡಿಸೆಂಬರ್ 23ರಿಂದ ಮಿಸುಕಾಟವನ್ನು ಗಮನವಿಟ್ಟು ಎಣಿಸಲು ತೊಡಗಿ. ಊಟವಾದ ಬಳಿಕ ಎಡಮಗ್ಗುಲಿಗೆ ಮಲಗಿ ಲೆಕ್ಕ ಇಟ್ಟರೆ ಎರಡು ಗಂಟೆಯೊಳಗೆ 10 ಚಲನೆಗಳು ಸಿಗಬೇಕು. ಮಗು ಆಗಾಗ 20ರಿಂದ 40 ನಿಮಿಷ ನಿದ್ರಿಸುವುದರಿಂದ ತುಸು ಹೊತ್ತು ಸುಮ್ಮನಿದ್ದರೆ ಹೆದರಬೇಕಿಲ್ಲ. ಆದರೆ ದಿನ ಹತ್ತಿರ ಬಂದಾಗ ಮಗು ಮಿಸುಕುವುದು ಕಡಿಮೆಯಾಗುವುದು ಸಹಜ ಎಂಬ ಮಾತನ್ನು ಮಾತ್ರ ನಂಬಬೇಡಿ. ಎಣಿಕೆ 10 ಮುಟ್ಟದಿದ್ದರೆ, ಅಥವಾ ದಿನನಿತ್ಯದ ಚಲನೆಗಿಂತ ಕಡಿಮೆ ಅನ್ನಿಸಿದರೆ, ರಾತ್ರಿಯೇ ಆಗಿದ್ದರೂ ಬೆಳಗಾಗಲೆಂದು ಕಾಯದೆ ತಾಯಿ ಕಾರ್ಡ್ ಹಿಡಿದು ಹೆರಿಗೆ ಆಸ್ಪತ್ರೆಗೆ ಹೊರಡಿ.