ಮೂರನೇ ಮಹಡಿಗೆ ಯಾವ ನಾಯಿ?

ಮರಿ ತರುವ ಮೊದಲು ಅದರ ತಳಿ ಯಾವ ಊರಿನದು ಅಂತ ತಿಳ್ಕೊಳ್ಳಿ. ಹಸ್ಕಿ ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆದ ನಾಯಿ. ಮೈತುಂಬ ಎರಡು ಪದರ ಕೂದಲು. ವಿಜಯನಗರದಲ್ಲಿ ನಮ್ಮ ಪಕ್ಕದ ಮನೆಯ ಹಸ್ಕಿ ಏಪ್ರಿಲ್ ಪೂರ್ತಿ ಬಚ್ಚಲುಮನೆ ಟೈಲ್ಸ್‌ಗೆ ಹೊಟ್ಟೆ ಹಚ್ಚಿಕೊಂಡೇ ಮಲಗಿತ್ತು. ನೀಲಿ ಕಣ್ಣಿಗೆ ಮರುಳಾಗಬೇಡಿ.

ಲ್ಯಾಬ್ರಡಾರ್ ಪಾಪದ್ದು, ಮಕ್ಕಳಿರುವ ಮನೆಗೆ ಸರಿ. ತಿಂಡಿಪೋತ ಮಾತ್ರ. ಇಡ್ಲಿ ತಟ್ಟೆ ಎತ್ತರದಲ್ಲಿಡಿ.

ನನ್ನ ಓಟು ಮುಧೋಳಕ್ಕೆ. ಬಾಗಲಕೋಟೆ ಕಡೆಯ ಬೇಟೆ ನಾಯಿ, 2005ರಲ್ಲಿ ಅಂಚೆಚೀಟಿ ಮೇಲೂ ಬಂತು. ಉದ್ದ ಮೂತಿ, ಆಳವಾದ ಎದೆ, ಒಳಗೆ ಸೇರಿದ ಹೊಟ್ಟೆ. ನಮ್ಮದನ್ನು ನೋಡಿದವರೆಲ್ಲ 'ಊಟ ಹಾಕಲ್ವಾ?' ಅಂತ ಕೇಳ್ತಾರೆ. ಅದರ ಮೈಕಟ್ಟೇ ಹಾಗೆ. ಪಕ್ಕೆಲುಬು ಸ್ವಲ್ಪ ಕಂಡರೆ ಗಾಬರಿಯಾಗಿ ಜಾಸ್ತಿ ಅನ್ನ ಸುರಿಯಬೇಡಿ. ದಿನಾ ಬೆಳಿಗ್ಗೆ ಬೇಲಿ ಇರುವ ಜಾಗದಲ್ಲಿ ಓಡಿಸಿ. ರಸ್ತೆಯಲ್ಲಿ ಹಗ್ಗ ಬಿಡಲೇಬೇಡಿ. ಅಳಿಲು ಕಂಡರೆ ಮುಗೀತು, ಹೆಸರು ಕೂಗಿದರೂ ಕಿವಿಗೆ ಬೀಳದು. ಹೊಸಬರು ಸುಮ್ನೆ ತಲೆ ಸವರಲು ಬಂದರೆ ನಮ್ಮದು ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಬಲವಂತ ಮಾಡಬೇಡಿ, ಅದೇ ಬಂದು ಮೂಸಲಿ. ನಮ್ಮ ಪೇಪರ್ ಹುಡುಗನಿಗೆ ಎರಡು ತಿಂಗಳು ಹಿಡಿಯಿತು. ಈಗ ಅವನ ಸೈಕಲ್ ಬೆಲ್ ಕೇಳಿದರೆ ಸಾಕು, ಬಾಗಿಲ ಹತ್ತಿರ ಬಾಲ ಬಡಿಯುತ್ತದೆ.