ಎರಡು ಪುಸ್ತಕ, ಒಂದೇ ಪ್ರಬಂಧ: ತೌಲನಿಕ ಬರಹಕ್ಕೆ ಕೂರುವ ಮೊದಲು

ಎಂ.ಎ. ಓದುವಾಗ ನಾನು ಬರೆದ ಮೊದಲ ತೌಲನಿಕ ಪ್ರಬಂಧ 24 ಪುಟ ಇತ್ತು. ಮೊದಲ 12 ಪುಟ ಒಂದು ಕಾದಂಬರಿ, ಉಳಿದ 12 ಪುಟ ಇನ್ನೊಂದು. ನಡುವೆ ‘ಇನ್ನು ಎರಡನೆಯ ಕಾದಂಬರಿಯ ವಿಷಯಕ್ಕೆ ಬಂದರೆ’ ಎಂಬ ಒಂದು ಸಾಲು. ಸರ್ ಪುಟ ಮಗುಚಿ ನೋಡಿ ನಕ್ಕರು. “ಇದು ಎರಡು ಪ್ರಬಂಧ ಅಲ್ವಾ ಮಾರಾಯ? ಒಟ್ಟಿಗೆ ಇರುವುದು ಪಿನ್ನು ಹೊಡೆದ ಕಾರಣ ಮಾತ್ರ.”

ಈಗ ಕಾಸರಗೋಡಿನ ಕಿರಿಯ ಗೆಳೆಯರು ಕರಡು ತಂದು ತೋರಿಸುವಾಗ ಹೆಚ್ಚಿನವುಗಳಲ್ಲಿ ಅದೇ ಪಿನ್ನು ಕಾಣುತ್ತದೆ. ಹಾಗಾಗಿ ನಾನು ಎರಡನೇ ಸಲ ಬರೆದದ್ದು ಹೇಗೆ ಎಂದು ಇಲ್ಲಿ ಹೇಳುತ್ತೇನೆ.

ಜೋಡಿ ಹುಡುಕುವುದು

ಎರಡು ಕೃತಿಗಳಿಗೆ ನಂಟು ಇರಬೇಕು, ಜಗಳವೂ ಇರಬೇಕು. ಎಲ್ಲಾ ಒಂದೇ ಥರ ಇದ್ದರೆ ಬರೆಯಲು ಏನೂ ಉಳಿಯುವುದಿಲ್ಲ. ನಂಟೇ ಇಲ್ಲದಿದ್ದರೆ ‘ಇವೆರಡೇ ಯಾಕೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಎರಡು ವಾಕ್ಯದಲ್ಲಿ ಉತ್ತರ ಹೇಳಲು ಆಗದಿದ್ದರೆ ಜೋಡಿ ಬದಲಿಸಿ.

ಮಂಜೇಶ್ವರ ಗೋವಿಂದ ಪೈಗಳಂತೂ ಜೋಡಿಯನ್ನು ತಾವೇ ಹಾಕಿಕೊಟ್ಟಿದ್ದಾರೆ. ‘ಗೊಲ್ಗೊಥಾ’ ಯೇಸುವಿನ ಕೊನೆಯ ದಿನ, ‘ವೈಶಾಖಿ’ ಬುದ್ಧನ ಕೊನೆಯ ದಿನ. ಒಂದು ಕೊಲೆ, ಇನ್ನೊಂದು ಶಾಂತವಾದ ಸಾವು. ಆದರೆ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಓದುವ ತಾಳ್ಮೆ ಬೇಕು.

ಗದ್ಯವೇ ಸಾಕು ಎನ್ನುವವರಿಗೆ ನನ್ನ ಜೋಡಿ ಇದು: ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’, ಮಲೆನಾಡಿನ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. ಮೊದಲನೆಯದರಲ್ಲಿ ಗಂಡ ಹೆಂಡತಿಗೆ ಜಗಳ ಇಲ್ಲದಿದ್ದರೂ ತಲಾಖ್ ಆಗಿಹೋದ ನಾದಿರಾ. ಎರಡನೆಯದರಲ್ಲಿ ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, 112 ವರ್ಷ ಬದುಕಿದ ಫಣಿಯಮ್ಮ.

ಎರಡು ಭಾಷೆ ಬಲ್ಲ ನಮ್ಮ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ದಾರಿಯೂ ಉಂಟು. ‘ಫಣಿಯಮ್ಮ’ ಬಂದದ್ದು 1976ರಲ್ಲಿ. ನಂಬೂದಿರಿ ಮನೆಯ ಹೆಂಗಸರ ಕಥೆಯಾದ ಲಲಿತಾಂಬಿಕಾ ಅಂತರ್ಜನಂ ಅವರ ಮಲಯಾಳಂ ಕಾದಂಬರಿ ‘ಅಗ್ನಿಸಾಕ್ಷಿ’ಯೂ ಅದೇ ವರ್ಷದ್ದು. ಮಲಯಾಳಂ ಬಾರದ ಬೆಂಗಳೂರಿನ ವಿದ್ಯಾರ್ಥಿ ಅನುವಾದವನ್ನೇ ನೆಚ್ಚಬೇಕು. ನೀವು ನೇರ ಮೂಲವನ್ನೇ ಓದಬಹುದು. ಸಾಲುಗಳನ್ನು ನೀವೇ ಕನ್ನಡ ಮಾಡಿದರೆ ಅಲ್ಲಲ್ಲೇ ‘ಅನುವಾದ ನನ್ನದು’ ಎಂದು ಬರೆಯಿರಿ.

ವಸ್ತು ಬೇರೆ, ಆಶಯ ಬೇರೆ

‘ವಿಧವೆಯ ಬದುಕು’, ‘ತಲಾಖ್’ ಇವೆಲ್ಲ ವಸ್ತು. ಕೃತಿ ಅದರ ಬಗ್ಗೆ ಏನು ಹೇಳುತ್ತಿದೆ ಎಂಬುದು ಆಶಯ. ಹೋಲಿಸಬೇಕಾದ್ದು ಆಶಯವನ್ನು. ‘ಸಮಾಜ, ಸ್ತ್ರೀ, ಸಂಪ್ರದಾಯ’ ಎಂಬಂಥ ಶೀರ್ಷಿಕೆ ಇಟ್ಟರೆ ವಸ್ತುವಿನಲ್ಲೇ ಸಿಕ್ಕಿಬೀಳುತ್ತೀರಿ. ಅದನ್ನು ಪ್ರಶ್ನೆ ಮಾಡಿ: ಧರ್ಮದ ಹೆಸರಿನ ನಿಯಮವೊಂದು ಹೆಣ್ಣಿನ ಮೈಮೇಲೆ ಬಂದು ಕೂರುವಾಗ, ಅದನ್ನು ತಂದು ಕೂರಿಸಿದವರು ಯಾರು?

ಎರಡು ಬದಿಯ ನೋಟ್‌ಬುಕ್

ಮೊದಲ ಓದು ಸುಮ್ನೆ, ಕಥೆಗಾಗಿ. ಪೆನ್ನು ಹಿಡಿಯಬೇಡಿ. ‘ಫಣಿಯಮ್ಮ’ ಸಿನಿಮಾ ನೋಡಿ ಓದು ತಪ್ಪಿಸಬೇಡಿ, ಸಿಕ್ಕಿಬೀಳುತ್ತೀರಿ. ಎರಡನೇ ಓದಿಗೆ ಉದ್ದ ನೋಟ್‌ಬುಕ್ ಬಿಡಿಸಿ ಇಡಿ. ಎಡಪುಟ ನಾದಿರಾಳದ್ದು, ಬಲಪುಟ ಫಣಿಯಮ್ಮನದ್ದು. ಎರಡಕ್ಕೂ ಅವೇ ಪ್ರಶ್ನೆಗಳು: ನಿಯಮ ಹೇರುವವರು ಯಾರು? ಅವರಿಗೆ ಲಾಭ ಏನು? ಅವಳು ಏನು ಹೇಳುತ್ತಾಳೆ, ಏನು ಮಾಡುತ್ತಾಳೆ? ಪ್ರತಿ ಉತ್ತರದ ಪಕ್ಕ ಪುಟಸಂಖ್ಯೆ ಹಾಕಿ. ಇದನ್ನು ಬಿಟ್ಟರೆ ಕೊನೆಯ ವಾರದಲ್ಲಿ ಇಡೀ ಕಾದಂಬರಿ ಮತ್ತೆ ಮಗುಚಬೇಕಾಗುತ್ತದೆ.

ಎಡಪುಟ ನನಗೆ ಬೇಗ ತುಂಬಿತು. ಹೇರುವವನು ಅಪ್ಪ ಮಹಮ್ಮದ್ ಖಾನ್. ಅಳಿಯ ರಶೀದನಿಂದ ಹಣ ಬೇಕಿತ್ತು, ಸಿಗಲಿಲ್ಲ. ಮಗಳನ್ನು ಮನೆಯಲ್ಲೇ ಇಟ್ಟುಕೊಂಡ, ತಲಾಖ್ ಕೊಡಿಸಿದ. ಬಲಪುಟಕ್ಕೆ ಬಂದಾಗ ಪೆನ್ನು ನಿಂತಿತು. ಒಬ್ಬ ಖಳನ ಹೆಸರು ಬರೆಯಲು ಹೊರಟೆ, ಸಿಗಲಿಲ್ಲ. ಅವಳ ಮೇಲೆ ಪ್ರೀತಿ ಇದ್ದವರೇ ನಿಯಮವನ್ನೂ ಪಾಲಿಸುತ್ತಿದ್ದಾರೆ. ಎರಡು ದಿನ ಆ ಜಾಗ ಖಾಲಿ ಇತ್ತು. ನನ್ನ ಪ್ರಬಂಧ ಹುಟ್ಟಿದ್ದು ಅಲ್ಲಿಂದ. ಎರಡು ಪುಟ ಎಲ್ಲಿ ಹೊಂದಿಕೆ ಆಗುವುದಿಲ್ಲವೋ ಅಲ್ಲೇ ಸ್ವಲ್ಪ ಜಾಸ್ತಿ ಹೊತ್ತು ಕೂರಿ.

ವಾದ ಒಂದೇ ವಾಕ್ಯದಲ್ಲಿ

‘ಎರಡೂ ಕಾದಂಬರಿಗಳು ಸ್ತ್ರೀಶೋಷಣೆಯನ್ನು ಚಿತ್ರಿಸುತ್ತವೆ.’ ಇದು ನನ್ನ ಮೊದಲ ವಾಕ್ಯ. ಅಲ್ಲ ಎನ್ನುವವರು ಯಾರಿದ್ದಾರೆ? ಯಾರೂ ಅಲ್ಲಗಳೆಯದ ಮಾತಿಗೆ 24 ಪುಟದ ಪುರಾವೆ ಬೇಡ. ‘ನಾದಿರಾ ಸೋಲುತ್ತಾಳೆ, ಫಣಿಯಮ್ಮ ಗೆಲ್ಲುತ್ತಾಳೆ’ ಎಂದು ತಿದ್ದಿದೆ. ಜೀವನಪೂರ್ತಿ ಮಡಿಯಲ್ಲಿ ಕಳೆದವಳು ಗೆದ್ದದ್ದು ಏನನ್ನು ಎಂದು ನನಗೇ ಗೊತ್ತಾಗಲಿಲ್ಲ. ಮೂರನೆಯದು ನಿಂತಿತು: ‘ಚಂದ್ರಗಿರಿಯ ತೀರದಲ್ಲಿ ಕಾದಂಬರಿಯಲ್ಲಿ ನಿಯಮ ಒಬ್ಬ ಸ್ವಾರ್ಥಿಯ ಕೈಗೆ ಸಿಕ್ಕ ಕತ್ತಿ, ಫಣಿಯಮ್ಮದಲ್ಲಿ ಕತ್ತಿ ಹಿಡಿದ ಕೈ ಕಾಣುವುದಿಲ್ಲ, ಹಾಗಾಗಿ ಫಣಿಯಮ್ಮನಿಂದ ಆಗುವುದು ಆ ಕತ್ತಿ ಇನ್ನೊಬ್ಬಳ ತಲೆಗೆ ತಾಗದಂತೆ ನೋಡಿಕೊಳ್ಳುವುದಷ್ಟೆ.’ ಇದನ್ನು ಒಪ್ಪದವರು ಇರಬಹುದು. ಇರಲಿ, ವಾದ ಅಂದರೆ ಅದೇ.

ಒಪ್ಪದವರ ಪರವಾಗಿಯೂ ನೀವೇ ಒಂದು ಪುಟ ಬರೆಯಿರಿ. ನನ್ನ ವಾದಕ್ಕೆ ಪೆಟ್ಟು ಕೊಟ್ಟದ್ದು ನಾದಿರಾಳ ಕಥೆಯ ಕೊನೆ. ಮತ್ತೆ ರಶೀದನನ್ನು ಸೇರಬೇಕಾದರೆ ಅವಳು ಮೊದಲು ಬೇರೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕು. ಆ ಹೊತ್ತಿಗೆ ಅಪ್ಪನ ಕೈಯಲ್ಲೂ ಏನೂ ಉಳಿದಿಲ್ಲ. ಕತ್ತಿ ಕೈಬಿಟ್ಟು ತಾನಾಗಿ ಓಡಾಡುತ್ತಿದೆ. ಇದನ್ನು ಮುಚ್ಚಿಟ್ಟಿದ್ದರೆ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರೇ ಎತ್ತುತ್ತಿದ್ದರು. ಸೇರಿಸಿದ ಮೇಲೆ ಪ್ರಬಂಧ ಗಟ್ಟಿಯಾಯಿತು.

ಹೆಣೆಯುವುದು

ಅಧ್ಯಾಯಗಳನ್ನು ಪುಸ್ತಕದ ಹೆಸರಲ್ಲಿ ಮಾಡಬೇಡಿ, ಪ್ರಶ್ನೆಯ ಹೆಸರಲ್ಲಿ ಮಾಡಿ. ನನ್ನದು ಮೂರು: ನಿಯಮ ಯಾರ ಕೈಯಲ್ಲಿ, ನಿಯಮ ಮುಟ್ಟುವ ದೇಹ, ಬೇಡ ಎಂದದ್ದು ಹೇಗೆ. ಪ್ರತಿಯೊಂದರಲ್ಲೂ ಇಬ್ಬರೂ ಬರಬೇಕು.

ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುವ ವಾಕ್ಯ ತುಂಬಾ ಮುಖ್ಯ. ‘ಇನ್ನು ಎರಡನೆಯ ಕಾದಂಬರಿ’ ಎಂದರೆ ಪಿನ್ನು. ಹೀಗೆ ಬರೆದು ನೋಡಿ: ‘ತಲೆ ಬೋಳಿಸುವುದು ಬೇಡ ಎಂದ ಎಳೆಯ ವಿಧವೆ ದಾಕ್ಷಾಯಿಣಿಯ ಬೆನ್ನಿಗೆ ಫಣಿಯಮ್ಮ ಇದ್ದಳು, ನಾದಿರಾಳ ಬೆನ್ನಿಗೆ ಅಂಥ ಹಿರಿಯಳು ಯಾರು?’ ತಾಯಿ ಇದ್ದಾಳೆ, ಗಂಡನ ಎದುರು ಅವಳ ಮಾತು ನಡೆಯುವುದಿಲ್ಲ. ಕೊನೆಗೆ ನಾದಿರಾಳಿಗೆ ಸಿಕ್ಕಿದ್ದು ಮುಳುಗಿ ಸಾಯಲು ಮಸೀದಿಯ ಕೆರೆ. ಒಂದು ಕಡೆ ಕೂದಲು, ಇನ್ನೊಂದು ಕಡೆ ನೀರು. ಇಂಥ ಕಣ್ಣಿಗೆ ಕಾಣುವ ವಿವರಗಳನ್ನು ಹಿಡಿದರೆ ಆಶಯದ ಬಗ್ಗೆ ದೊಡ್ಡ ಮಾತು ಆಡಬೇಕಾಗಿಯೇ ಇಲ್ಲ.

ಉದ್ಧರಣೆ ಒಂದೆರಡು ಸಾಲು ಸಾಕು. ಅದರ ಕೆಳಗೆ ನಿಮ್ಮ ಮಾತು ಅದಕ್ಕಿಂತ ಉದ್ದ ಇರಲಿ.

ಪೀಠಿಕೆಯನ್ನು ಕೊನೆಗೆ ಬರೆಯಿರಿ, ಅದು ಇತಿಹಾಸ ಪಾಠ ಆಗುವುದು ಬೇಡ. 1856ರ ವಿಧವಾ ವಿವಾಹ ಕಾಯ್ದೆ, 2017ರ ತ್ರಿವಳಿ ತಲಾಖ್ ತೀರ್ಪು, ಎರಡಕ್ಕೂ ಒಂದೊಂದು ವಾಕ್ಯ ಸಾಕು. ‘ಮುಸ್ಲಿಮರಲ್ಲಿ ಹೀಗೆ, ಬ್ರಾಹ್ಮಣರಲ್ಲಿ ಹಾಗೆ’ ಎಂದು ತೀರ್ಪು ಕೊಡಲು ಹೋಗಬೇಡಿ. ನಿಮ್ಮ ಮುಂದೆ ಇರುವುದು ಎರಡು ಕಾದಂಬರಿ, ಎರಡು ಸಮುದಾಯ ಅಲ್ಲ.

ವಿಮರ್ಶೆಗಳನ್ನು ನಿಮ್ಮ ವಾದ ಸಿದ್ಧವಾದ ಮೇಲೆ ಓದಿ. ಮೊದಲೇ ಓದಿದರೆ ಅವರ ಮಾತೇ ನಿಮ್ಮ ಬಾಯಲ್ಲಿ ಬರುತ್ತದೆ. ವಿದ್ಯಾನಗರದ ಸರ್ಕಾರಿ ಕಾಲೇಜು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಕೇಳಿ. ಸಿಗದಿದ್ದರೆ ಬೆಳಗ್ಗಿನ ರೈಲು ಹತ್ತಿ ಮಂಗಳೂರಿಗೆ ಹೋಗಿ. ಯಾವ ಮುದ್ರಣ ಓದಿದಿರಿ ಎಂದು ಅವತ್ತೇ ಬರೆದಿಡಿ. ಮರುಮುದ್ರಣದಲ್ಲಿ ಪುಟಸಂಖ್ಯೆ ಬದಲಾಗುತ್ತದೆ.

ಇನ್ನು ಟೈಪಿಂಗ್. ನಾನು ನುಡಿ ಅಕ್ಷರದಲ್ಲಿ ಟೈಪ್ ಮಾಡಿ, ಸಲ್ಲಿಸುವ ದಿನ ಬೆಳಗ್ಗೆ ಪೆನ್‌ಡ್ರೈವ್ ಹಿಡಿದು ಪ್ರಿಂಟ್ ಅಂಗಡಿಗೆ ಹೋದೆ. ಅಲ್ಲಿದ್ದದ್ದು ಮಲಯಾಳಂ ಮತ್ತು ಇಂಗ್ಲಿಷ್ ಫಾಂಟ್ ಮಾತ್ರ. ಪರದೆ ತುಂಬಾ ಅರ್ಥವಿಲ್ಲದ ಚಿಹ್ನೆಗಳು. ಅಂಗಡಿಯ ಹುಡುಗ ಪಾಪ, “ಇದು ಕನ್ನಡವಾ?” ಎಂದು ಕೇಳಿದ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಹಿಂದಿನ ರಾತ್ರಿಯೇ ಪಿಡಿಎಫ್ ಮಾಡಿಟ್ಟುಕೊಳ್ಳಿ.